ಟಿ1 ಬೇಗ ಅಳೆದರೆ ಆ ಸಂಖ್ಯೆಯನ್ನು ನಂಬಬಹುದಾ?

ಪ್ರಶ್ನೆ: ಸರ್, ಎಂಆರ್‌ಐ ಟೆಕ್ನಾಲಜಿ ಓದ್ತಾ ಇದೀನಿ. ಟಿ1 ಅಂದ್ರೆ ರೇಡಿಯೋ ಪಲ್ಸ್ ಆದ್ಮೇಲೆ ಅಂಗಾಂಶದ ಮ್ಯಾಗ್ನೆಟೈಸೇಶನ್ ಎಷ್ಟು ಬೇಗ ಮರಳುತ್ತೆ ಅನ್ನೋದರ ಅಳತೆ. ಅದನ್ನ ಅಳೆಯೋಕೆ ಇನ್ವರ್ಶನ್ ರಿಕವರಿಯೇ (ಮ್ಯಾಗ್ನೆಟೈಸೇಶನ್ ತಲೆಕೆಳಗು ಮಾಡಿ, ಮರಳೋದನ್ನ ನೋಡೋದು) ಪ್ರಮಾಣ ಅಂತ ಪಾಠದಲ್ಲಿದೆ. ಆದ್ರೆ ಸ್ಕ್ಯಾನ್ ರೂಮಲ್ಲಿ ಫ್ಲಿಪ್ ಕೋನ (ಪಲ್ಸ್ ಅದನ್ನ ಎಷ್ಟು ಓರೆ ಮಾಡುತ್ತೆ ಅನ್ನೋದು) ಬದಲಿಸಿ ಎರಡು ಸ್ಕ್ಯಾನ್ ತೆಗೆದು ಮುಗಿಸ್ತಾರೆ. ಎರಡೂ ಒಂದೇನಾ?

ಉತ್ತರ (ಎಂಆರ್ ಭೌತವಿಜ್ಞಾನಿ): ಒಂದೇ ಅಲ್ಲ. ಮೊದಲು ಹೊತ್ತಿನ ಲೆಕ್ಕ ಹಾಕಿ ನೋಡಿ. ಮಿದುಳಿನ ದ್ರವದ ಟಿ1 ಸುಮಾರು 4 ಸೆಕೆಂಡು. ಪ್ರತಿ ಪಲ್ಸ್ ಆದಮೇಲೆ ಮ್ಯಾಗ್ನೆಟೈಸೇಶನ್ ಪೂರ್ತಿ ಮರಳಲು ಅದರ ಐದು ಪಟ್ಟು, ಅಂದರೆ 20 ಸೆಕೆಂಡು ಕಾಯಬೇಕು. ಚಿತ್ರಕ್ಕೆ 128 ಸಾಲು ಎಂದರೆ 43 ನಿಮಿಷ, ಅದೂ ಒಂದೇ ಇನ್ವರ್ಶನ್ ಸಮಯಕ್ಕೆ (ತಿರುಗಿಸಿದ ಮೇಲೆ ಅಳೆಯುವವರೆಗಿನ ಅಂತರ). ಅಂಥ ಐದಾರು ಬೇಕು. ಯಾವ ರೋಗಿ ಅಷ್ಟು ಹೊತ್ತು ಅಲ್ಲಾಡದೆ ಮಲಗುತ್ತಾರೆ?

ಲುಕ್ ಮತ್ತು ಲಾಕರ್ ಎಂಬ ವಿಜ್ಞಾನಿಗಳು 1970ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಒಮ್ಮೆ ತಿರುಗಿಸಿ, ಅದು ಮರಳುತ್ತಿರುವಾಗಲೇ ಸಣ್ಣ ಕೋನದ ಪಲ್ಸ್‌ಗಳಿಂದ ಮತ್ತೆ ಮತ್ತೆ ಇಣುಕುವುದು. ಆ ಪಲ್ಸ್‌ಗಳೇ ಮರಳುವಿಕೆಯನ್ನು ತುಸು ಕೆಡಿಸುತ್ತವೆ, ಆಮೇಲೆ ಲೆಕ್ಕದಲ್ಲಿ ತಿದ್ದಬೇಕು. ಹೃದಯಕ್ಕೆ ಬಳಸುವ ಮಾಲ್ಲಿ (MOLLI) ಎಂಬ ವಿಧಾನ ಇದರ ಸಂತತಿಯೇ. ಒಮ್ಮೆ ಉಸಿರು ಹಿಡಿದಷ್ಟರಲ್ಲಿ ಮುಗಿಯುತ್ತದೆ, ಆದರೆ ಟಿ1 ಕಡಿಮೆ ತೋರಿಸುತ್ತದೆ.

ನೀವು ನೋಡಿದ್ದು ಬೇರೆ ಬಗೆ. ಅದು ಕಾಯುವುದೇ ಇಲ್ಲ, ಅದರಿಂದಲೇ ವೇಗ. ಆದರೆ ಇಡೀ ಉತ್ತರ ಫ್ಲಿಪ್ ಕೋನದ ಮೇಲೆ ನಿಂತಿದೆ, ಅದೂ ಕೋನದ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ. ನಾವು 10 ಡಿಗ್ರಿ ಕೇಳಿದ ಜಾಗದಲ್ಲಿ ನಿಜವಾಗಿ 9 ಸಿಕ್ಕರೆ, 1000 ಮಿಲಿಸೆಕೆಂಡಿನ ಟಿ1 ಸುಮಾರು 810 ಎಂದು ಬರುತ್ತದೆ. ಮ್ಯಾಪ್ ಮಾತ್ರ ನುಣುಪಾಗಿ, ಚೆಂದವಾಗಿಯೇ ಕಾಣುತ್ತದೆ. ನನಗೆ ಭಯ ಅದೇ. 3 ಟೆಸ್ಲಾದಲ್ಲಿ ತಲೆಯ ನಡುಭಾಗಕ್ಕೂ ಅಂಚಿಗೂ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರುವುದು ಮಾಮೂಲು.

ಮರುಪ್ರಶ್ನೆ: ಹಾಗಾದ್ರೆ ಬಿಟ್ಟುಬಿಡೋದಾ ಸರ್? ಫಿಂಗರ್‌ಪ್ರಿಂಟಿಂಗ್‌ನಲ್ಲಿ ಈ ತೊಂದರೆ ಇಲ್ವಾ?

ಉತ್ತರ: ಬಿಡಬೇಡಿ, ಜೊತೆಗೆ ಬಿ1 ಮ್ಯಾಪ್ (ಪಲ್ಸಿನ ಬಲ ಎಲ್ಲೆಲ್ಲಿ ಎಷ್ಟು ಸಿಕ್ಕಿತೆಂಬ ನಕ್ಷೆ) ತೆಗೆಯಿರಿ. ಒಂದೆರಡು ನಿಮಿಷದ ಕೆಲಸ. ನಿಜವಾಗಿ ಸಿಕ್ಕ ಕೋನ ತಿಳಿದರೆ ತಿದ್ದಬಹುದು. 2013ರಲ್ಲಿ ಬಂದ ಫಿಂಗರ್‌ಪ್ರಿಂಟಿಂಗ್ ಕೋನವನ್ನೂ ಪಲ್ಸ್‌ಗಳ ನಡುವಿನ ಅಂತರವನ್ನೂ ಬೇಕೆಂದೇ ಬದಲಿಸುತ್ತಾ ಹೋಗುತ್ತದೆ. ಪ್ರತಿ ಅಂಗಾಂಶದ ಸಿಗ್ನಲ್ ತನ್ನದೇ ರೀತಿ ಏರಿಳಿಯುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿಗೆ ಹೋಲಿಸಿ ಟಿ1, ಟಿ2 (ಸಿಗ್ನಲ್ ಎಷ್ಟು ಬೇಗ ಕ್ಷೀಣಿಸುತ್ತದೆ ಎಂಬ ಅಳತೆ) ಎರಡನ್ನೂ ಒಟ್ಟಿಗೆ ಹೇಳುತ್ತದೆ. ನನಗೆ ಬಹಳ ಇಷ್ಟವಾದ ವಿಧಾನ. ಆದರೆ ಬಿ1 ತಪ್ಪು ಅಲ್ಲೂ ನುಸುಳುತ್ತದೆ, ಹೆಚ್ಚಾಗಿ ಟಿ2ಗೆ.

ಟಿ1 ಗೊತ್ತಿರುವ ಫ್ಯಾಂಟಮ್ (ಪರೀಕ್ಷೆಗೆಂದೇ ಮಾಡಿದ ಮಾದರಿ ವಸ್ತು) ಇದ್ದರೆ ಇನ್ವರ್ಶನ್ ರಿಕವರಿ, ಫ್ಲಿಪ್ ಕೋನ ಎರಡೂ ವಿಧಾನದಲ್ಲಿ ನೀವೇ ಅಳೆದು ನೋಡಿ. ಒಬ್ಬ ರೋಗಿಯನ್ನು ಆರು ತಿಂಗಳ ನಂತರ ಮತ್ತೆ ಅಳೆಯುವಾಗ ಮಾತ್ರ ದಯವಿಟ್ಟು ವಿಧಾನ ಬದಲಿಸಬೇಡಿ.