ಮಂಗನ ಕಾಯಿಲೆ ಶಂಕಿತ ಮಾದರಿಗಳು: ಪ್ರಯೋಗಾಲಯದ ಸುರಕ್ಷತೆಯನ್ನು ಪರಿಶೀಲಿಸುವುದು ಹೇಗೆ?

ಪ್ರಶ್ನೆ (ಶಿರಸಿ): ನಮಸ್ಕಾರ. ಇಲ್ಲಿನ ಸಣ್ಣ ಪ್ರಯೋಗಾಲಯವೊಂದರ ಮೇಲ್ವಿಚಾರಣೆ ನನ್ನದು. ಬೇಸಿಗೆ ಸಮೀಪಿಸಿದಂತೆ ಸಿದ್ದಾಪುರದ ಕಡೆಯಿಂದ ಬರುವ ಜ್ವರದ ರೋಗಿಗಳ ರಕ್ತದ ಮಾದರಿಗಳಲ್ಲಿ, ಉಣ್ಣೆಗಳಿಂದ ಹರಡುವ ವೈರಾಣು ಜ್ವರವಾದ ಮಂಗನ ಕಾಯಿಲೆಯದ್ದೂ ಇರಬಹುದು. ಸುರಕ್ಷತೆಯ ಪರಿಶೀಲನೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ (ಕಾರವಾರ): ಸಲಕರಣೆಗಳ ಪಟ್ಟಿಯನ್ನು ಆಮೇಲೆ ನೋಡೋಣ, ಮೊದಲು ಕೆಲಸ ನಡೆಯುವ ಬಗೆಯನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಕೈಪಿಡಿಯೂ ಅಪಾಯದ ಅಂದಾಜಿಗೇ ಮೊದಲ ಸ್ಥಾನ ಕೊಡುತ್ತದೆ. ರಕ್ತವನ್ನು ವೇಗವಾಗಿ ತಿರುಗಿಸಿ ಅದರ ಅಂಶಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿನೊಳಗೆ ಟ್ಯೂಬ್ ಒಡೆದರೆ ಯಂತ್ರ ನಿಲ್ಲಿಸಿ, ತುಂತುರು ಕೆಳಗಿಳಿಯುವವರೆಗೆ ಸುಮಾರು ಅರ್ಧ ಗಂಟೆ ಮುಚ್ಚಳ ತೆರೆಯಬಾರದೆಂಬುದನ್ನು ಸಿಬ್ಬಂದಿ ತಡವರಿಸದೆ ಹೇಳಬಲ್ಲರೇ ಎಂದು ಕೇಳಿ ನೋಡಿ. ಗೋಡೆಗೆ ಅಂಟಿಸಿದ ಸೂಚನೆಗಳು ಎಷ್ಟು ಮನದಟ್ಟಾಗಿವೆ ಎಂಬುದು ಆಗಲೇ ತಿಳಿಯುತ್ತದೆ. ವೈರಾಣುವನ್ನು ಬೆಳೆಸುವ ಕೆಲಸವಂತೂ ನಮ್ಮಂಥ ಪ್ರಯೋಗಾಲಯಗಳದ್ದಲ್ಲ. ಶಂಕಿತ ಮಾದರಿಯನ್ನು ಮೂರು ಪದರಗಳ ಪ್ಯಾಕಿಂಗ್‌ನಲ್ಲಿ, ತಂಪು ಕೆಡದಂತೆ ನಿಗದಿತ ಕೇಂದ್ರಕ್ಕೆ ಕಳಿಸಿ.

ಉತ್ತರ (ಕುಮಟಾ): ಒತ್ತಡದ ಹಬೆಯಿಂದ ರೋಗಾಣುಗಳನ್ನು ಕೊಲ್ಲುವ ಆಟೋಕ್ಲೇವ್ ಯಂತ್ರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಪ್ರಯೋಗಾಲಯದ ಸೂಕ್ಷ್ಮಜೀವಿ ತ್ಯಾಜ್ಯವನ್ನೂ ರಕ್ತದ ಮಾದರಿಗಳನ್ನೂ ಹೊರಗೆ ಕಳಿಸುವ ಮೊದಲು ಸ್ಥಳದಲ್ಲೇ ಸಂಸ್ಕರಿಸಬೇಕು. ಬಿಸಿಗೆ ಬಣ್ಣ ಬದಲಿಸುವ ಟೇಪನ್ನಷ್ಟೇ ನಂಬಿ ಕೂರಬೇಡಿ, ಸುಲಭಕ್ಕೆ ಸಾಯದ ಬೀಜಾಣುಗಳೂ ಸತ್ತಿವೆಯೇ ಎಂದು ನೋಡುವ ಬೀಜಾಣು ಪರೀಕ್ಷೆಯ ದಾಖಲೆಯನ್ನೂ ಕೇಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಮಾಮೂಲು. ನಡುವೆ ನಿಂತ ಆಟೋಕ್ಲೇವ್ ಸುತ್ತನ್ನು ಮೊದಲಿನಿಂದ ನಡೆಸಿದ್ದಾರೆಯೇ ಎಂಬುದನ್ನು ಲಾಗ್‌ಬುಕ್ಕಿನಲ್ಲಿ ಖಚಿತಪಡಿಸಿಕೊಳ್ಳಿ.

ಪ್ರಶ್ನಿಸಿದವರು: ಧನ್ಯವಾದಗಳು. ಜೈವಿಕ ಭದ್ರತೆಗಾಗಿ, ಅಂದರೆ ಮಾದರಿಗಳು ಕಳುವಾಗದಂತೆ ಇಲ್ಲವೇ ದುರ್ಬಳಕೆಯಾಗದಂತೆ ಕಾಯಲು, ಫ್ರೀಜರಿಗೆ ಬೀಗ ಹಾಕಿದರೆ ಸಾಕೇ?

ಉತ್ತರ (ಕಾರವಾರ): ಸಾಲದು. ಕೀಲಿ ಯಾರ ಬಳಿ ಇರುತ್ತದೆ, ಕೆಲಸ ಬಿಟ್ಟವರಿಂದ ಅದನ್ನು ಹಿಂಪಡೆಯಲಾಗಿದೆಯೇ ಎಂದು ವಿಚಾರಿಸಿ. ನಂತರ ರಿಜಿಸ್ಟರಿನಿಂದ ಯಾವುದಾದರೂ ಒಂದು ಮಾದರಿಯ ಸಂಖ್ಯೆಯನ್ನು ಆರಿಸಿ, ಅದನ್ನು ನಿಮ್ಮೆದುರೇ ತೆಗೆದು ತೋರಿಸಲು ಹೇಳಿ.