ಸಹಾಯ ಬೇಕು: ಹಳೇ ಲೇತ್ ಯಾವ್ದು, ಹೇಗೆ ಕೂರಿಸೋದು?

ನಮಸ್ಕಾರ ಎಲ್ರಿಗೂ, ನಾನು ಇಂಗ್ಲೆಂಡಿನ ಡರ್ಬಿಯಲ್ಲಿರೋದು. ಪಕ್ಕದ್ಮನೆ ಅಜ್ಜ ಪುಟ್ಟ ಸ್ಟೀಮ್ ಇಂಜಿನ್‌ಗಳನ್ನ ಮಾಡ್ತಿದ್ದ ಲೇತ್ (ಲೋಹವನ್ನ ತಿರುಗಿಸಿ ಕೆತ್ತೋ ಮೆಷಿನ್), ಅವರು ತೀರ್ಕೊಂಡ್ಮೇಲೆ ಅಜ್ಜಿ ನಂಗೆ ಕೊಟ್ರು, ಹಾಳಾಗೋಕೆ ಬಿಡೋಕೆ ಮನಸ್ಸಿಲ್ಲ. ಹೆಸರಿನ ಪ್ಲೇಟ್ ಉದುರೋಗಿದೆ, ಸೆಂಟರ್ ಹೈಟ್ (ಬೆಡ್ ಅಂದ್ರೆ ಉದ್ದನೆ ತಳದಿಂದ ಸ್ಪಿಂಡಲ್ ನಡುವಿನ ತನಕ ಎತ್ತರ) ಮೂರೂವರೆ ಇಂಚು, ಸೆಂಟರ್‌ಗಳ ಮಧ್ಯೆ (ಕೆಲ್ಸದ ತುಂಡು ಹಿಡಿಯೋ ಎರಡು ತುದಿಗಳ ನಡುವೆ) 20 ಇಂಚು, ನಾಟಿಂಗ್‌ಹ್ಯಾಮ್ ಹತ್ರದ ಬೀಸ್ಟನ್‌ನಲ್ಲಿ ಮಾಡ್ತಿದ್ದ ಮೈಫರ್ಡ್ ಎಂಎಲ್7 ಅನ್ಸುತ್ತೆ, ಸ್ಪಿಂಡಲ್‌ಗೆ (ತಿರುಗೋ ಮುಖ್ಯ ಶಾಫ್ಟ್) ಎರಡೂ ಕಡೆ ವೈಟ್‌ಮೆಟಲ್ (ಮೆತ್ತನೆ ಮಿಶ್ರಲೋಹ) ಬೇರಿಂಗ್ ಇರೋದ್ರಿಂದ ಅದೇ ಕಂಪನಿಯ ಇನ್ನೊಂದು ಮಾಡೆಲ್ ಸೂಪರ್ 7 ಅಂತೂ ಅಲ್ಲ.

ತೊಂದ್ರೆ ಏನಂದ್ರೆ, ಬೆಂಚಿಗೆ ಬೋಲ್ಟ್ ಬಿಗಿದು ಒಂದಿಂಚಿನ ರಾಡನ್ನ ಚಕ್‌ನಲ್ಲಿ (ಸ್ಪಿಂಡಲ್ ತುದಿಯ ಹಿಡಿಕೆ) ಹಿಡಿದು 4 ಇಂಚು ಉದ್ದ ಟರ್ನ್ ಮಾಡಿದ್ರೆ ಹೊರಗಿನ ತುದಿ 0.05 ಎಂಎಂ ದಪ್ಪ ಬರುತ್ತೆ, ತೀರಾ ತೆಳು ಕಟ್ ತಗೊಂಡ್ರೂ ಅಷ್ಟೇ, ಆದ್ರೆ ಟೇಲ್‌ಸ್ಟಾಕ್ ಕಡೆ (ಚಕ್‌ಗೆ ಎದುರಿನ ತುದಿ) ಬೋಲ್ಟ್ ಸಡಿಲಿಸಿದ್ರೆ ಕಮ್ಮಿಯಾಗುತ್ತೆ, ಅಂದ್ರೆ ಬೆಡ್ ತಿರುಚ್ತಿದೆ ತಾನೆ? ಆ ಕಡೆ ಕಾಲಿಗೆ ಶಿಮ್ (ಅಡಿಗೆ ಇಡೋ ತೆಳು ತಗಡು) ಮುಂದೆ ಹಾಕ್ಲಾ ಹಿಂದೆ ಹಾಕ್ಲಾ? ಬೇರಿಂಗ್‌ಗೆ 32 ನಂಬರ್ (ಎಣ್ಣೆ ಎಷ್ಟು ಗಟ್ಟಿ ಅನ್ನೋ ಗ್ರೇಡ್) ಹೈಡ್ರಾಲಿಕ್ ಆಯಿಲ್ ನಡೆಯುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.