‘ಮೋಜೋ’ಗೆ ತಾಯಿತ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕರಿಯ ಜನರ ‘ಬ್ಲೂಸ್’ ಸಂಗೀತದ ಹಾಡುಗಾರ ಮಡ್ಡಿ ವಾಟರ್ಸ್ ಅವರ ಹಾಡುಗಳಿಗೆ ಕನ್ನಡದಲ್ಲಿ ಪುಟ್ಟ ಪುಟ್ಟ ಟಿಪ್ಪಣಿ ಬರೆಯುತ್ತಿದ್ದೇನೆ. ಮುಂದಿಟ್ಟುಕೊಂಡಿರುವುದು ‘ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್’ ಎಂಬ ಸಂಕಲನ. ಶಿಕಾಗೊದ ಚೆಸ್ ಎಂಬ ರೆಕಾರ್ಡ್ ಕಂಪನಿ 1958ರಲ್ಲಿ ತಂದ ಎಲ್‌ಪಿ (ಹಲವು ಹಾಡು ಹಿಡಿಸುವ ದೊಡ್ಡ ಪ್ಲೇಟು) ಅದು. ಒಟ್ಟು 12 ಹಾಡು. 1948ರಿಂದ 1954ರ ತನಕ ಬಿಡಿಬಿಡಿಯಾಗಿ ಗ್ರಾಮಫೋನ್ ಪ್ಲೇಟುಗಳಲ್ಲಿ ಬಂದಿದ್ದನ್ನು ಆಯ್ದು ಒಂದು ಕಡೆ ಸೇರಿಸಿದ್ದಾರೆ. 1948ರ ‘ಐ ಕಾಂಟ್ ಬಿ ಸ್ಯಾಟಿಸ್‌ಫೈಡ್’ನಲ್ಲಿ ಬರೀ ಒಂದು ಎಲೆಕ್ಟ್ರಿಕ್ ಗಿಟಾರು, ಜೊತೆಗೆ ಬಿಗ್ ಕ್ರಾಫರ್ಡ್ ನುಡಿಸುವ ದೊಡ್ಡ ಬೇಸ್. 1954ರ ಹಾಡುಗಳಿಗೆ ಬರುವಷ್ಟರಲ್ಲಿ ಪಿಯಾನೊ, ಡ್ರಮ್ಸ್, ಲಿಟಲ್ ವಾಲ್ಟರ್ ಅವರ ಮೌತ್ ಆರ್ಗನ್ ಎಲ್ಲವೂ ಸೇರಿ ಪೂರ್ತಿ ಮೇಳವೇ ಆಗಿದೆ. ಮಿಸಿಸಿಪ್ಪಿಯ ಹತ್ತಿ ಹೊಲಗಳ ಹಾಡು ಊರು ಬಿಟ್ಟು ಬಂದು, ಕರೆಂಟು ಹತ್ತಿಸಿಕೊಂಡು ಬೇರೆಯೇ ಆದ ಬಗೆಯನ್ನು ಈ ಒಂದೇ ಎಲ್‌ಪಿಯಲ್ಲಿ ಕೇಳಬಹುದು.

ವಾದ್ಯದ ಮಾತುಗಳು ಅಷ್ಟೇನೂ ಕಾಡಲಿಲ್ಲ. ತಂತಿಯ ಮೇಲೆ ಲೋಹದ ಕೊಳವೆ ಜಾರಿಸುತ್ತಾ ನುಡಿಸುವುದಕ್ಕೆ ‘ಜಾರು’ ಅಂತ ಬರೆದೆ. ನಮ್ಮ ಸಂಗೀತದಲ್ಲಿ ಆ ಪದ ಮೊದಲಿಂದಲೂ ಇದೆ, ಗೋಟುವಾದ್ಯ ಕೇಳಿದವರಿಗೆ ತಟ್ಟನೆ ಹೊಳೆಯುತ್ತದೆ. ಮೌತ್ ಆರ್ಗನ್ ಮೌತ್ ಆರ್ಗನ್ನೇ. ಬ್ಲೂಸ್‌ನವರು ಅದನ್ನು ‘ಹಾರ್ಪ್’ ಅಂತಾರೆ. ಕನ್ನಡದಲ್ಲಿ ಹಾಗೆ ಬರೆದರೆ ಓದುವವರು ದೊಡ್ಡ ತಂತಿವಾದ್ಯ ಅಂದುಕೊಳ್ಳುತ್ತಾರೆ.

ನನ್ನ ಪ್ರಶ್ನೆ ಇರುವುದು ‘ಮೋಜೋ’ ಬಗ್ಗೆ.

1950ರ ‘ಲೂಸಿಯಾನಾ ಬ್ಲೂಸ್’ನಲ್ಲಿ ಹಾಡುವವನು ನ್ಯೂ ಆರ್ಲಿಯನ್ಸ್‌ಗೆ ಹೋಗಿ ಒಂದು ‘ಮೋಜೋ ಹ್ಯಾಂಡ್’ ತರುತ್ತೇನೆ ಅನ್ನುತ್ತಾನೆ. ವಿಲ್ಲಿ ಡಿಕ್ಸನ್ ಬರೆದ, 1954ರ ‘ಹೂಚಿ ಕೂಚಿ ಮ್ಯಾನ್’ನಲ್ಲಿ ತನ್ನ ಹತ್ತಿರ ಏನೇನಿದೆ ಅಂತ ಎಣಿಸುತ್ತಾನೆ: ಕರಿಬೆಕ್ಕಿನ ಮೂಳೆ, ಮೋಜೋ, ‘ಜಾನ್ ದಿ ಕಾಂಕರೂ’ ಎಂಬ ಬೇರು. ಮೇಳ ಒಂದು ಪೆಟ್ಟು ಕೊಟ್ಟು ಗಕ್ಕನೆ ನಿಲ್ಲುತ್ತದೆ, ಆ ಬಿಡುವಿನಲ್ಲಿ ಅವನ ದನಿ ಬರುತ್ತದೆ. ಮತ್ತೆ ಪೆಟ್ಟು, ಮತ್ತೆ ಬಿಡುವು. ಒಂದೊಂದು ಪದವೂ ಎದ್ದು ಕೇಳಿಸುವ ಹಾಗೆ ಹಾಡು ಕಟ್ಟಿದ್ದಾರೆ. ಹಾಗಾಗಿ ಆ ಪದಗಳಿಗೆ ಅರ್ಥ ಹೇಳದೆ ಸುಮ್ನೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

ಈ ಮೋಜೋ ಅಂದರೆ ಏನು? ಅಮೆರಿಕದ ಕರಿಯ ಜನರ ‘ಹೂಡೂ’ ಎಂಬ ನಂಬಿಕೆ–ಮದ್ದಿನ ಪದ್ಧತಿಯಲ್ಲಿ ಬರುವ ಒಂದು ಪುಟ್ಟ ಬಟ್ಟೆಚೀಲ. ಹೆಚ್ಚಾಗಿ ಕೆಂಪು ಫ್ಲಾನೆಲ್ ಬಟ್ಟೆ. ಒಳಗೆ ಬೇರು, ಮೂಳೆ, ನಾಣ್ಯ, ಇಂಥವು. ಅದನ್ನು ಜೇಬಿನಲ್ಲೋ ಬಟ್ಟೆಯ ಒಳಗೋ ಇಟ್ಟುಕೊಳ್ಳುತ್ತಾರೆ. ಬೇರೆಯವರು ನೋಡಬಾರದು, ಮುಟ್ಟಲೇಬಾರದು, ಮುಟ್ಟಿದರೆ ಶಕ್ತಿ ಹೋಯಿತು. ಆಗಾಗ ವಿಸ್ಕಿಯನ್ನೋ ಎಣ್ಣೆಯನ್ನೋ ಸವರಿ ಅದಕ್ಕೆ ‘ಉಣಿಸುತ್ತಾರೆ’. ಜೂಜಿನಲ್ಲಿ ಗೆಲ್ಲಲು, ಹೆಣ್ಣು ಒಲಿಯಲು, ಕೇಡು ತಟ್ಟದಿರಲು, ಹೀಗೆ ಒಂದೊಂದಕ್ಕೆ ಒಂದೊಂದು. ಇಲ್ಲಿ ‘ಹ್ಯಾಂಡ್’ ಅಂದರೂ ಆ ಚೀಲವೇ. ಅದನ್ನು ‘ಕೈ’ ಅಂತ ಕನ್ನಡಿಸಿದರೆ ಅರ್ಥ ಕೆಡುತ್ತದೆ.

ಪದದ ಮೂಲ ಆಫ್ರಿಕಾದ್ದು ಇರಬೇಕು ಅನ್ನುತ್ತಾರೆ. ಅಮೆರಿಕದ ತೆಂಕಣ ಕರಾವಳಿಯ ಗಲ್ಲಾ ಮಾತಿನಲ್ಲಿ ‘ಮೋಕೋ’ ಅಂದರೆ ಮಾಟ. ನಮ್ಮ ‘ಮೋಜು’ ಜೊತೆ ನಂಟು ಖಂಡಿತ ಇಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಈಗಿನ ಇಂಗ್ಲಿಷಿನಲ್ಲಿ ‘ಮೋಜೋ’ ಅಂದರೆ ಹುರುಪು, ಆಕರ್ಷಣೆ ಅನ್ನುವ ಅರ್ಥವೂ ಇದೆಯಲ್ಲ, ಅದು ‘ಮೋಜು’ವಿಗೆ ಹತ್ತಿರ ಕೇಳಿಸಿ ಓದುವವರು ದಾರಿ ತಪ್ಪಬಹುದು. ಮಡ್ಡಿ ಹಾಡುವಾಗ ಮೋಜೋ ಅಂದರೆ ಕೈಯಲ್ಲಿ ಹಿಡಿಯಬಹುದಾದ ವಸ್ತು. ಅಂದಹಾಗೆ ಮಡ್ಡಿಯೇ ಹಾಡಿದ ‘ಗಾಟ್ ಮೈ ಮೋಜೋ ವರ್ಕಿಂಗ್’ ಈ ಸಂಕಲನದಲ್ಲಿ ಇಲ್ಲ, ಇದೆ ಅಂದುಕೊಂಡವರು ಜಾಸ್ತಿ.

ಕನ್ನಡದಲ್ಲಿ ಮೊದಲು ಹೊಳೆಯುವುದು ‘ತಾಯಿತ’. ಕೆಲಸ ಒಂದೇ, ರೂಪ ಬೇರೆ. ತಾಯಿತ ಅಂದ ಕೂಡಲೇ ತಾಮ್ರದ್ದೋ ಬೆಳ್ಳಿಯದೋ ಕೊಳವೆ, ಕರಿದಾರ, ಒಳಗೆ ಬರೆದ ತಗಡು ಕಣ್ಣಿಗೆ ಬರುತ್ತದೆ. ಕೊರಳಲ್ಲೋ ತೋಳಲ್ಲೋ ಎಲ್ಲರಿಗೂ ಕಾಣುತ್ತದೆ. ಮೋಜೋ ಬಚ್ಚಿಟ್ಟುಕೊಳ್ಳುವಂಥದ್ದು, ಒಳಗೆ ಬರಹ ಇರಲೇಬೇಕು ಅಂತಿಲ್ಲ. ‘ಯಂತ್ರ’ಕ್ಕೂ ಇದೇ ತೊಡಕು. ‘ರಕ್ಷೆ’ ಅಂದರೆ ಕಾಪಾಡುವುದಷ್ಟೇ ಬಂತು, ಒಲಿಸಿಕೊಳ್ಳುವುದು ಬಿಟ್ಟುಹೋಯಿತು. ‘ಮದ್ದು’ ಒಲಿಸಿಕೊಳ್ಳುವುದನ್ನು ಹೇಳುತ್ತದೆ ನಿಜ, ಆದರೆ ನಮ್ಮಲ್ಲಿ ಮದ್ದು ಹಾಕುವುದು ಊಟದಲ್ಲಿ. ‘ಮಾಟ’ ಬೇಡವೇ ಬೇಡ. ಮಾಟ ಮಾಡಿಸುವುದು ಇನ್ನೊಬ್ಬರ ಮೇಲೆ, ಅದರಲ್ಲಿ ಕೇಡಿನ ವಾಸನೆ ಇದೆ. ಈ ಹಾಡಿನವನು ಯಾರಿಗೂ ಕೇಡು ಬಯಸುತ್ತಿಲ್ಲ, ತನ್ನ ಗಂಡಸುತನದ ಹೆಮ್ಮೆ ಹೇಳಿಕೊಳ್ಳುತ್ತಿದ್ದಾನೆ.

ಆಕಾರದಲ್ಲಿ ತೀರಾ ಹತ್ತಿರ ಇರುವುದು ‘ಮುಡಿಪು’: ಬಟ್ಟೆ, ಒಳಗೆ ನಾಣ್ಯ, ಗಂಟು. ಆದರೆ ಮುಡಿಪು ದೇವರಿಗೆ ಸೇರಬೇಕಾದದ್ದು, ಹರಕೆಯದು. ಇಟ್ಟುಕೊಂಡವನಿಗೆ ಅದರ ಮೇಲೆ ಹಕ್ಕಿಲ್ಲ.

ಬೇರಿನ ವಿಷಯ ಸುಲಭವಾಯಿತು. ಜಾನ್ ದಿ ಕಾಂಕರರ್ (ಹಾಡಿನಲ್ಲಿ ‘ಕಾಂಕರೂ’) ಅನ್ನುವವನು ಜನಪದ ಕಥೆಗಳ ನಾಯಕ. ಆಫ್ರಿಕಾದ ರಾಜಕುಮಾರ, ಗುಲಾಮನಾಗಿ ಮಾರಾಟವಾದರೂ ಒಡೆಯನಿಗೆ ಬಗ್ಗದೆ ಬುದ್ಧಿಯಿಂದ ಗೆದ್ದವನು. ಅವನ ಹೆಸರಿನ ಬೇರನ್ನು ಜೇಬಿನಲ್ಲಿ ಇಟ್ಟುಕೊಂಡು ಆಗಾಗ ಸವರುತ್ತಾರೆ. ‘ಗೆಲುವಿನ ಜಾನನ ಬೇರು’ ಅಂತ ಬರೆದಿದ್ದೇನೆ. ಹಸುಗೂಸಿನ ಕೈಗೆ ಬಜೆ ಬೇರು ಪೋಣಿಸಿ ಕಟ್ಟುವ ನಮ್ಮವರಿಗೆ ಬೇರಿನಲ್ಲಿ ಶಕ್ತಿ ಇದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕರಿಬೆಕ್ಕಿನ ಮೂಳೆಗೆ ಮಾತ್ರ ಒಂದು ಸಾಲು ಟಿಪ್ಪಣಿ ಬೇಕು. ಕರಿಬೆಕ್ಕು ಅಡ್ಡ ಬಂದರೆ ಅಪಶಕುನ ಅನ್ನುವುದು ನಮ್ಮ ತಲೆಯಲ್ಲಿ ಕೂತಿದೆ. ಹೂಡೂವಿನಲ್ಲಿ ಅದರ ಮೂಳೆ ಅದೃಷ್ಟದ್ದು.

ಅದೇ ಹಾಡಿನ ಮೊದಲಲ್ಲಿ ಜಿಪ್ಸಿ ಹೆಂಗಸೊಬ್ಬಳು ಹುಟ್ಟಲಿರುವ ಮಗನ ಬಗ್ಗೆ ತಾಯಿಗೆ ಹೇಳುತ್ತಾಳೆ. ‘ಕೊರವಂಜಿ’ ಅಂತ ಬರೆದು ಅಳಿಸಿದೆ. ಆ ಹೆಸರು ಬಂದರೆ ಬುಟ್ಟಿ, ಬೆತ್ತ, ಯಕ್ಷಗಾನದ ಕುಣಿತ ಎಲ್ಲ ಹಿಂದೆಯೇ ಬರುತ್ತವೆ, ಮಿಸಿಸಿಪ್ಪಿ ಮರೆಯಾಗುತ್ತದೆ. ‘ಕಣಿ ಹೇಳುವವಳು’ ಸಾಕು ಅನ್ನಿಸಿತು.

ಸದ್ಯಕ್ಕೆ ನನ್ನ ಒಲವು ಹೀಗಿದೆ: ಹಾಡಿನ ಸಾಲು ಹೇಳುವಾಗ ‘ಮೋಜೋ’ ಅಂತಲೇ ಇಡುವುದು, ಮೊದಲ ಸಲ ಬಂದಾಗ ‘ಮೋಜೋ ಗಂಟು’ ಅನ್ನುವುದು. ‘ಗಂಟು’ ಅಂದರೆ ಬಟ್ಟೆಯೂ ಬಂತು, ಒಳಗೆ ಏನೋ ಕಟ್ಟಿಟ್ಟಿದೆ ಅನ್ನುವುದೂ ಬಂತು. ಹಣದ ಗಂಟು ಅನ್ನುವ ಅರ್ಥ ನಡುವೆ ನುಗ್ಗೀತು ಅನ್ನುವುದೊಂದೇ ಅಳುಕು.

ನಿಮ್ಮ ಕಡೆ ಬೇರು, ಬೂದಿ, ಕಾಳು ಇಂಥದ್ದನ್ನು ಬಟ್ಟೆಯಲ್ಲಿ ಕಟ್ಟಿ, ಯಾರಿಗೂ ಕಾಣದ ಹಾಗೆ ಮೈಮೇಲೆ ಇಟ್ಟುಕೊಳ್ಳುವ ರೂಢಿ ಇದೆಯೇ? ಇದ್ದರೆ ಅದಕ್ಕೆ ಏನಂತಾರೆ? ಮುಖ್ಯವಾಗಿ ಮಲೆನಾಡು, ಬಡಗಣ ಕರ್ನಾಟಕ, ಕರಾವಳಿಯವರು ತಿಳಿಸಿ. ಪದದ ಜೊತೆಗೆ ಅದನ್ನು ಮನೆಯಲ್ಲಿ ಯಾವ ಮಾತಿನಲ್ಲಿ ಬಳಸುತ್ತಾರೆ ಅಂತ ಒಂದು ವಾಕ್ಯವನ್ನೂ ಬರೆದರೆ ದೊಡ್ಡ ಉಪಕಾರ.